ಏನೂ ಇಲ್ಲದಲ್ಲಿಗೆ ಯಾಕೆ ಹೋಗಬೇಕು?

ಶಿರಸಿ ಹತ್ತಿರದ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ:

“ಮಗ ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಾನೆ. ಶನಿವಾರ ಬಂತೆಂದರೆ ಸೈಕಲ್ ಹತ್ತುತ್ತಾನೆ. ಎಲ್ಲಿಗೆ ಅಂತ ಕೇಳಿದರೆ ‘ಇವತ್ತಿನ ಪಾಯಿಂಟಿಗೆ’ ಅನ್ನುತ್ತಾನೆ. ಜಿಯೊಹ್ಯಾಶಿಂಗ್ ಎಂಬ ಆಟವಂತೆ. ಹೋದ ವಾರ ಯಾರದೋ ಸೊಪ್ಪಿನ ಬೆಟ್ಟದಲ್ಲಿ ನಿಂತು ಫೋಟೊ ತೆಗೆದುಕೊಂಡು ಬಂದ. ಅಲ್ಲಿ ಜಲಪಾತ ಇಲ್ಲ, ದೇವಸ್ಥಾನ ಇಲ್ಲ, ನೆಂಟರ ಮನೆಯೂ ಇಲ್ಲ. ‘ಮಾಣಿಗೆ ಎಂತಾತು?’ ಅಂತ ಊರವರು ಕೇಳುತ್ತಾರೆ. ನೀವಾದರೂ ನಾಲ್ಕು ಬುದ್ಧಿಮಾತು ಬರೆಯಿರಿ.”

ಮಾಸ್ತರೇ, ಬುದ್ಧಿ ಹೇಳಿಸಲು ನಾನೇ ಸಿಕ್ಕಿದೆನಾ ನಿಮಗೆ? ಕಳ್ಳನ ಕೈಗೇ ಬೀಗದ ಕೀಲಿ ಕೊಟ್ಟಿದ್ದೀರಿ.

ನಿಮ್ಮ ಆತಂಕ ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿ ಮುಗಿಸುತ್ತೇನೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಹೆಲ್ಮೆಟ್ ಹಾಕಿದ ಅಪರಿಚಿತನೊಬ್ಬ ತೋಟದ ಅಂಚಿನಲ್ಲಿ ಫೋನ್ ಹಿಡಿದು ನಿಂತರೆ ಯಾರಿಗಾದರೂ ಅನುಮಾನ ಬರುತ್ತದೆ. ಬೇಲಿಯ ದಣಪೆ ದಾಟುವ ಮುಂಚೆ ಮನೆಯವರನ್ನು ಕೂಗಿ ಕೇಳಬೇಕು. ಅರ್ಗಾದ ನೌಕಾನೆಲೆ, ಕೈಗಾದ ಅಣು ವಿದ್ಯುತ್ ಸ್ಥಾವರ ಎರಡೂ ಅವನ ಆಟದ ಚೌಕದೊಳಗೇ ಇವೆ. ಪಾಯಿಂಟು ಅಲ್ಲಿ ಬಿದ್ದ ದಿನ ಮನೆಯಲ್ಲೇ ದೋಸೆ ತಿಂದುಕೊಂಡಿರಲಿ. ಆಯಿತಲ್ಲ? ಇನ್ನು ನಾನು ಅವನ ಪಕ್ಷ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 2008ರಲ್ಲಿ ಅಮೆರಿಕದ ಒಂದು ವೆಬ್ ವ್ಯಂಗ್ಯಚಿತ್ರದಿಂದ ಹುಟ್ಟಿದ ತಮಾಷೆ ಇದು. ಭೂಮಿಯನ್ನು ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ಚೌಕಗಳಾಗಿ ಹಂಚಿಕೊಳ್ಳುತ್ತಾರೆ. ದಿನದ ತಾರೀಖು, ನ್ಯೂಯಾರ್ಕ್ ಶೇರು ಪೇಟೆಯ ಡೌ ಜೋನ್ಸ್ ಸೂಚ್ಯಂಕದ ಬೆಳಗಿನ ಮೊದಲ ಅಂಕಿ, ಇವೆರಡನ್ನೂ ಒಂದು ಗಣಿತದ ಗಿರಣಿಗೆ ಹಾಕುತ್ತಾರೆ. ಎರಡು ದಶಾಂಶ ಕೆಳಗೆ ಬೀಳುತ್ತವೆ. ಅವನ್ನು ಚೌಕದ ಅಂಕಿಗೆ ಜೋಡಿಸಿದರೆ ಆ ದಿನದ ಜಾಗ ಸಿಕ್ಕಿತು. ನಮ್ಮದು 14, 74ರ ಚೌಕ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಯಲ್ಲಾಪುರ, ಶಿರಸಿ, ಸಿದ್ದಾಪುರ ಎಲ್ಲಾ ಒಳಗೆ. ಮುರ್ಡೇಶ್ವರ ಒಳಗೆ, ಭಟ್ಕಳ ಪೇಟೆ ಕೂದಲೆಳೆಯಲ್ಲಿ ಹೊರಗೆ. ಬನವಾಸಿಯೂ ಹಾಗೇ, ಪೂರ್ವದ ಗೆರೆ ದಾಟಿ ಆಚೆ ಕೂತಿದೆ. ಕದಂಬರಿಗೆ ಹೇಳಬೇಡಿ. ಚೌಕದ ಕಾಲು ಭಾಗಕ್ಕಿಂತ ಜಾಸ್ತಿಯೇ ಅರಬ್ಬಿ ಸಮುದ್ರ. ಪಾಯಿಂಟು ಅಲ್ಲಿ ಬಿದ್ದರೆ ಆಟಕ್ಕೆ ರಜೆ, ಇಲ್ಲವೇ ದೋಣಿಯವರ ಪರಿಚಯ ಬೇಕು.

ನಮ್ಮಂಥ ಪೂರ್ವದವರಿಗೆ ಹಿಂದಿನ ದಿನದ ಅಂಕಿ ಲೆಕ್ಕ. ಅಂದರೆ ಶುಕ್ರವಾರ ಸಂಜೆ 7ಕ್ಕೆ (ಅಲ್ಲಿ ಚಳಿಗಾಲವಾದರೆ 8ಕ್ಕೆ) ನ್ಯೂಯಾರ್ಕಿನಲ್ಲಿ ಗಂಟೆ ಹೊಡೆದ ಮೇಲೆ, ಶನಿವಾರ ನಿಮ್ಮ ಮಗ ಸಿದ್ದಾಪುರದ ಕಡೆ ತುಳಿಯಬೇಕೋ ಯಲ್ಲಾಪುರದ ಕಡೆಯೋ ಗೊತ್ತಾಗುತ್ತದೆ. ಡೌ ಜೋನ್ಸಿನಿಂದ ನಮ್ಮ ಜಿಲ್ಲೆಗೆ ಆದ ಉಪಕಾರ, ನನಗೆ ತಿಳಿದಂತೆ, ಇದೊಂದೇ.

ಜಾಗ ಹುಡುಕುವ ಆಟ ಬೇರೆಯೂ ಇವೆ. 2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಮಸುಕು ಮಾಡುವುದನ್ನು ಬಿಟ್ಟಿತು. ಮರುದಿನವೇ ಆರೆಗಾನ್ ರಾಜ್ಯದಲ್ಲಿ ಒಬ್ಬಾತ ಬಕೆಟ್ಟಿನಲ್ಲಿ ಸಾಮಾನು ತುಂಬಿ ಕಾಡಿನಲ್ಲಿ ಅಡಗಿಸಿಟ್ಟು, ಹುಡುಕಿ ನೋಡಿ ಅಂದ. ಸಾಮಾನಿನಲ್ಲಿ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು. ಅದೇ ಜಿಯೊಕ್ಯಾಶಿಂಗ್ ಆಯಿತು. 2016ರ ಪೊಕೆಮಾನ್ ಗೋ ಗದ್ದಲ ನಿಮಗೂ ನೆನಪಿರಬಹುದು. ಅದರಲ್ಲಿ ಮೊಟ್ಟೆ ಒಡೆದು ಮರಿ ಬರಬೇಕಾದರೆ ಕಿಲೋಮೀಟರುಗಟ್ಟಲೆ ಸುತ್ತಬೇಕು, ಆದರೆ ಸೈಕಲ್ ಜೋರಾಗಿ ತುಳಿದರೆ ದೂರ ಲೆಕ್ಕಕ್ಕೇ ಸಿಗುವುದಿಲ್ಲ. ಸೈಕಲ್ಲಿಗೆ ಅವಮಾನ ಮಾಡುವ ಆಟ ನನಗೆ ಬೇಡ. ನಿಮ್ಮ ಮಗನ ಆಟದಲ್ಲಿ ಬಕೆಟ್ಟೂ ಇಲ್ಲ, ಮೊಟ್ಟೆಯೂ ಇಲ್ಲ. ಹೋದಲ್ಲಿ ಏನೂ ಇಲ್ಲ. ನಿಮ್ಮ ದೂರು ಇದೇ ತಾನೇ? ನನಗೆ ಹಿಡಿಸಿದ್ದೂ ಇದೇ.

ಯಾಕೆಂದರೆ ನಮ್ಮ ಜಿಲ್ಲೆಗೆ ಬೋರ್ಡಿನ ರೋಗ ಬಡಿದಿದೆ. ಬಾಣದ ಗುರುತು ಇದ್ದಲ್ಲಿಗೆ ಎಲ್ಲರೂ. ಯಾಣ, ಮುರ್ಡೇಶ್ವರ, ಓಂ ಬೀಚು, ಅಲ್ಲೊಂದು ಸೆಲ್ಫಿ, ವಾಪಸು. ಬೆಂಗಳೂರಿನವರನ್ನು ಬೈದು ಏನು ಪ್ರಯೋಜನ, ಇಲ್ಲೇ ಹುಟ್ಟಿದ ನಾವೂ ಹಾಗೇ. ಶಿರಸಿಯಿಂದ ಕುಮಟೆಗೆ ನೂರು ಸಲ ಬಸ್ಸಿನಲ್ಲಿ ಹೋಗಿದ್ದೇವೆ. ದೇವಿಮನೆ ಘಟ್ಟ ಇಳಿದ ಮೇಲೆ ಪಕ್ಕಕ್ಕೆ ಹೊರಳುವ ಮಣ್ಣು ರಸ್ತೆ ಯಾವ ಕೇರಿಗೆ ಹೋಗುತ್ತದೆ ಅಂತ ಒಮ್ಮೆಯಾದರೂ ಕೇಳಿದ್ದೇವಾ?

ಎರಡು ವರ್ಷದ ಹಿಂದೆ ನಾನೂ ಒಮ್ಮೆ ಹೋದೆ. ಆಫೀಸಿನ ಹುಡುಗ ಅಂಕಿ ತೆಗೆದುಕೊಟ್ಟ. ಕುಮಟಾ ಹತ್ತಿರ, ಅಘನಾಶಿನಿಯ ಗಜನಿಯಲ್ಲಿ ಬಿದ್ದಿತ್ತು. ನದಿಯ ಉಪ್ಪುನೀರು ಬಂದು ಹೋಗುವ ಈ ಗದ್ದೆಗಳಲ್ಲೇ ಹಿಂದಿನವರು ಕಗ್ಗ ಭತ್ತ ಬೆಳೆದರು. ಉಪ್ಪು ತಡೆಯುವ ಭತ್ತ ಅದು. ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಸಿಗಡಿ. ಕಟ್ಟೆಯ ಮೇಲೆ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಒಂದು ಕಡೆ ನೀರು ಬಿಡುವ ಹಲಗೆಯ ಬಾಗಿಲು, ಅದರ ಸಂದಿಯಲ್ಲಿ ಏಡಿಯೊಂದು ಅರ್ಧ ಹೊರಗೆ, ಅರ್ಧ ಒಳಗೆ. ಪಾಯಿಂಟು ಇನ್ನೂ 160 ಮೀಟರ್ ಆಚೆ ಅನ್ನುತ್ತಿತ್ತು ಫೋನು. ಆಚೆ ಇದ್ದದ್ದು ಬರೀ ಕಪ್ಪು ಕೆಸರು. ಒಂದು ಕಾಲು ಇಟ್ಟೆ. ಚಪ್ಪಲಿ ಕೆಸರಿಗೆ, ಕಾಲು ವಾಪಸು ನನಗೆ.

ಇಳಿತದ ಹೊತ್ತು. ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದ ಒಬ್ಬ ಅಜ್ಜಿ ಬುಟ್ಟಿ ಹೊತ್ತು ಮೇಲೆ ಬಂದರು. ಮೊಣಕಾಲಿನ ತನಕ ಕೆಸರು, ಒಣಗಿದಲ್ಲಿ ಬೂದಿಯ ಬಣ್ಣ.

“ಎಂತ ಕಳ್ಕಂಡ್ರಿ?”

“ಏನೂ ಇಲ್ಲ ಅಮ್ಮಾ. ಸುಮ್ನೆ, ಜಾಗ ನೋಡಲು ಬಂದೆ.”

“ತಕಳೂಕೆ ಬಂದದ್ದಾ?”

ಜಾಗ ನೋಡಲು ಬಂದವ ಅಂದರೆ ಇವತ್ತು ನಮ್ಮ ಕರಾವಳಿಯಲ್ಲಿ ಒಂದೇ ಅರ್ಥ. ಕೊಳ್ಳುವವನಲ್ಲ ಅಂತ ನಂಬಿಸಲು ಹತ್ತು ನಿಮಿಷ ಹಿಡಿಯಿತು. ನಂಬಿದ ಮೇಲೆ ಬುಟ್ಟಿ ಇಳಿಸಿ ಕೈ ತೋರಿಸುತ್ತಾ ಹೋದರು. ನಾನು ನಿಂತ ಕಟ್ಟೆಗೆ ಒಂದು ಹೆಸರು. ಎದುರಿನ ದಿಬ್ಬಕ್ಕೆ ಇನ್ನೊಂದು. ನೀರು ತಿರುಗುವ ಕಡೆಗೆ ಮುದುಕನ ಹೊಂಡ ಅಂತ ಹೆಸರು. ಯಾವ ಮುದುಕ ಅಂದೆ. ಅವರಿಗೂ ಗೊತ್ತಿಲ್ಲ, ಅವರ ಅತ್ತೆಗೂ ಗೊತ್ತಿರಲಿಲ್ಲವಂತೆ. ನನ್ನ ಫೋನಿನಲ್ಲಿ ಆ ಇಡೀ ಜಾಗ ಒಂದು ಖಾಲಿ ನೀಲಿ ಕಲೆ. ಬಂದ ದಾರಿಗೆ ಅದು ಕೊಟ್ಟ ಹೆಸರು ‘ಹೆಸರಿಲ್ಲದ ರಸ್ತೆ’.

ಈ ಪತ್ರಿಕೆ ಓದುವವರಿಗೆ ನನ್ನ ಈ ಹಳೇ ಕೊರಗು ಗೊತ್ತು. ಬೇಣ, ಹಕ್ಕಲು, ಕೊಡ್ಲು, ಗದ್ದೆ, ಪ್ರತಿಯೊಂದಕ್ಕೂ ಹೆಸರಿಟ್ಟ ಜನ ನಾವು. 1801ರಲ್ಲಿ ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕನನ್ ಈ ಕರಾವಳಿ ಹಾದು, ಘಟ್ಟ ಹತ್ತಿ ಸೋಂದೆಯ ಕಡೆ ಹೋದ. ಯಾವ ಊರು, ಏನು ಬೆಳೆ, ಅಂತ ದಿನವೂ ಬರೆದುಕೊಂಡ. ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದ, ಎಷ್ಟೋ ಗುರುತೇ ಸಿಗುವುದಿಲ್ಲ. ಆದರೂ ಕೇಳಿದ ನೋಡಿ. ನಾವು ಈಗ ಕೇಳುವುದನ್ನೇ ಬಿಟ್ಟಿದ್ದೇವೆ. ಫೋನು ಎಡಕ್ಕೆ ಅಂದರೆ ಎಡಕ್ಕೆ.

ಕಾರಿನಲ್ಲಿ ಹೋದರೆ ಕೇಳುವ ಪ್ರಸಂಗವೇ ಬರುವುದಿಲ್ಲ, ಗಾಜು ಇಳಿಸಬೇಕಲ್ಲ. ಸೈಕಲ್ಲಿನವನಿಗೆ ಬಾಯಾರುತ್ತದೆ. ಚೈನ್ ಬೀಳುತ್ತದೆ. ಯಾರದಾದರೂ ಅಂಗಳದಲ್ಲಿ ನಿಲ್ಲಲೇಬೇಕು. ನಿಂತರೆ ನಿಮ್ಮ ಕಡೆಯವರು “ಆಸರಿಗೆ ಎಂತ ಬೇಕು?” ಅಂತ ಕೇಳದೆ ಬಿಡುತ್ತಾರಾ? ಮಜ್ಜಿಗೆಯೋ ಮುರುಗಲ ಶರಬತ್ತೋ ಬರುವಷ್ಟರಲ್ಲಿ ಆ ಮನೆಯ ಮೂರು ತಲೆಮಾರಿನ ಕತೆ ಮುಗಿದಿರುತ್ತದೆ.

ಹೆದ್ದಾರಿಯ ಮಾತು ಎತ್ತಬಾರದು ಅಂದುಕೊಂಡಿದ್ದೆ, ಆದರೆ ತಡೆಯಲಾಗುವುದಿಲ್ಲ. ಕಾರವಾರದಿಂದ ಭಟ್ಕಳದ ತನಕ ಚತುಷ್ಪಥ ಅಂತ ಗುಡ್ಡ ಕಡಿದರು. ಸೈಕಲ್ಲಿಗೆ ಒಂದು ಮೊಳ ಜಾಗ ಬಿಡಲಿಲ್ಲ. ಅಂಚಿನಲ್ಲಿ ಜಲ್ಲಿ, ಜಲ್ಲಿಯ ಮೇಲೆ ನಿಂತ ಲಾರಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿಯಿತು. ಜೀವ ಕಳೆದುಕೊಂಡವರ ಸಂಕಟದ ಮುಂದೆ ಬೇರೆ ಮಾತು ಸಣ್ಣದು. ಆದರೂ ಹೇಳುತ್ತೇನೆ: ಹೆದ್ದಾರಿ ಮುಚ್ಚಿದ ಆ ದಿನಗಳಲ್ಲಿ ಒಳದಾರಿ ಯಾವುದು ಅಂತ ಎಷ್ಟು ಜನರಿಗೆ ಗೊತ್ತಿತ್ತು? ನಮ್ಮ ಆಫೀಸಿನಲ್ಲಂತೂ ಒಬ್ಬನಿಗೆ. ಆತ ಹಿಂದೆ ಸೈಕಲ್ಲಿನಲ್ಲಿ ಮೀನು ಮಾರಿದವ.

ಇನ್ನು ನಿಮ್ಮ ಕಡೆಗೇ ಬೆರಳು ಮಾಡುತ್ತೇನೆ, ಸಿಟ್ಟಾಗಬೇಡಿ. ಐದನೇ ಇಯತ್ತೆಯ ಮಕ್ಕಳಿಗೆ ಅಕ್ಷಾಂಶ, ರೇಖಾಂಶ ಬಾಯಿಪಾಠ ಮಾಡಿಸಿದವರು ನೀವಲ್ಲವಾ? 2006–07ರಿಂದ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟಾಗ, ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಹಂಚಿದವರೂ ನಿಮ್ಮಂಥ ಮಾಸ್ತರರೇ. ಅಂಕಿ ಕಲಿಸಿದಿರಿ, ಸೈಕಲ್ ಕೊಟ್ಟಿರಿ. ಈಗ ಒಬ್ಬ ಎರಡನ್ನೂ ಸೇರಿಸಿ ಹೊರಟರೆ ಹುಚ್ಚು ಅನ್ನುತ್ತೀರಿ.

ಅವನಿಗೆ ಕಿಸೆಯಲ್ಲಿ ಹಿಡಿಯುವಂಥ ಒಂದು ನೋಟ್‌ಬುಕ್ ಕೊಡಿ. ಹೋದಲ್ಲಿ ನಿಂತ ಜಾಗದ ಹೆಸರು ಕೇಳಿ ಬರೆದುಕೊಂಡು ಬರಲಿ. ಹತ್ತು ಹೆಸರಾದರೆ ಕಳಿಸಿ, ಅಚ್ಚು ಹಾಕುತ್ತೇನೆ. ಶುಕ್ರವಾರ ರಾತ್ರಿ ಎಂಟೂವರೆಗೆ ನನಗೂ ಒಂದು ಫೋನ್ ಮಾಡಲು ಹೇಳಿ. ಪಾಯಿಂಟು ಕರಾವಳಿ ಬದಿಗೆ ಬಿದ್ದರೆ ಕುಮಟೆಯಲ್ಲಿ ಕಾಯುತ್ತೇನೆ. ಘಟ್ಟ ಹತ್ತಲು ನನ್ನ ಮಂಡಿ ಕೇಳುವುದಿಲ್ಲ. ಇಳಿದು ಬಂದವನು ವಾಪಸು ಹೇಗೆ ಹತ್ತುತ್ತಾನೆ ಎಂಬುದನ್ನು ಅಪ್ಪ, ಮಗ ನೀವೇ ಕೂತು ಮಾತಾಡಿಕೊಳ್ಳಿ.