ಒಂದು ಜೀನ್ ಸುಮ್ಮನಾದರೆ ಕೋಶಕ್ಕೆ ಬಲ ಬರುವುದು ಹೇಗೆ?

ಪ್ರಶ್ನೆ: ಕ್ಯಾನ್ಸರ್ ಗಡ್ಡೆಯನ್ನು ಕೊಲ್ಲುವ ರಕ್ಷಣಾ ಕೋಶಗಳಲ್ಲಿ ಒಂದು ಜೀನನ್ನು ಸುಮ್ಮನಾಗಿಸಿದರೆ ಅವು ಇನ್ನೂ ಚೆನ್ನಾಗಿ ಕೊಲ್ಲುತ್ತವೆ ಎಂದು ಓದಿದೆ. ಏನನ್ನೋ ನಿಲ್ಲಿಸಿದರೆ ಶಕ್ತಿ ಕಡಿಮೆ ಆಗಬೇಕು, ಅಲ್ವಾ? ನನ್ನ ಅಮ್ಮನಿಗೆ ಈಗ ಚಿಕಿತ್ಸೆ ನಡೆಯುತ್ತಿದೆ. ಅವರಿಗೆ ಇದು ಸಿಗಬಹುದೇ?

ಉತ್ತರ: ಪ್ರಯೋಗಾಲಯಕ್ಕೆ ಸೇರಿದ ಹೊಸತರಲ್ಲಿ ನನಗೂ ಇದೇ ಗೊಂದಲವಿತ್ತು. ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದ ಮೇಲೆ ಬಗೆಹರಿಯಿತು.

ನೀವು ಹೇಳಿದ ರಕ್ಷಣಾ ಕೋಶ, ಅಂದರೆ ಟಿ ಕೋಶ, ಗಡ್ಡೆಯ ಕೋಶವನ್ನು ಗುರುತಿಸಿದ ಕೂಡಲೇ ಚಪ್ಪಟೆಯಾಗಿ ಅದಕ್ಕೆ ಒತ್ತಿಕೊಳ್ಳುತ್ತದೆ. ಒಳಗಿನ ಪುಟ್ಟ ಚೀಲಗಳೆಲ್ಲ ಆ ಕಡೆಗೇ ಸರಿಯುತ್ತವೆ. ಅವುಗಳಲ್ಲಿರುವ ಪರ್ಫೊರಿನ್ ಎಂಬ ಪ್ರೋಟೀನ್ ಎದುರಿನ ಪೊರೆಗೆ ತೂತು ಹಾಕುತ್ತದೆ, ಕೋಶವನ್ನು ಸಾಯಿಸುವ ಗ್ರ್ಯಾಂಜೈಮ್ ಎಂಬ ಕಿಣ್ವ ಒಳಗೆ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಗಡ್ಡೆಯ ಕೋಶದ ಮೈತುಂಬ ಗುಳ್ಳೆ ಏಳುತ್ತವೆ, ಅದು ಕುಗ್ಗಿ ಸಾಯುತ್ತದೆ. ಟಿ ಕೋಶ ಬಿಡಿಸಿಕೊಂಡು ಇನ್ನೊಂದನ್ನು ಹುಡುಕುತ್ತಾ ಹೊರಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಆದರೆ ಅದೇ ತಟ್ಟೆಯಲ್ಲಿ ಇನ್ನು ಕೆಲವು ಟಿ ಕೋಶಗಳು ಹತ್ತಿರ ಹೋಗಿ, ಮುಟ್ಟಿ, ಸುಮ್ನೆ ಇದ್ದುಬಿಡುತ್ತವೆ. ಆಯುಧ ಇದ್ದರೂ ಬ್ರೇಕ್ ಬಿದ್ದಿರುತ್ತದೆ. 1992ರಲ್ಲಿ ಜಪಾನಿನ ತಸುಕು ಹೊಂಜೊ ಅವರ ತಂಡ ಕಂಡುಹಿಡಿದ ಪಿಡಿ-1 ಅಂಥದ್ದೊಂದು ಬ್ರೇಕ್. ಎಷ್ಟೋ ಗಡ್ಡೆಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಇಟ್ಟುಕೊಂಡು ಇದನ್ನೇ ಅದುಮುತ್ತವೆ. ನೀವು ಓದಿದ್ದು ಇಂಥ ಬ್ರೇಕಿನ ಜೀನನ್ನು ಸುಮ್ಮನಾಗಿಸುವ ಬಗ್ಗೆ.

ಜೀನ್ ಇದ್ದಲ್ಲೇ ಇರುತ್ತದೆ. ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತು ಅದರಿಂದ ಹೊರಡುವ ಆರ್‌ಎನ್‌ಎ ಪ್ರತಿಯನ್ನು, ಸುಮಾರು 21 ಅಕ್ಷರದ ಪುಟ್ಟ ಆರ್‌ಎನ್‌ಎ ತುಣುಕೊಂದು ಹುಡುಕಿ ಕತ್ತರಿಸುವಂತೆ ಮಾಡುತ್ತದೆ. ಬ್ರೇಕಿನ ಪ್ರೋಟೀನ್ ತಯಾರಾಗುವುದು ತುಂಬ ಕಡಿಮೆಯಾಗುತ್ತದೆ. 1998ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಇದನ್ನು ತೋರಿಸಿದ ಫೈರ್ ಮತ್ತು ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂತು.

ಕಷ್ಟವೂ ಇದೆ. ಟಿ ಕೋಶ ಈ ತುಣುಕನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕ್ಷಣಮಾತ್ರ ಕರೆಂಟ್ ಕೊಟ್ಟು ಪೊರೆ ತೆರೆಸುತ್ತೇವೆ. ಮಾರನೇ ದಿನ ತಟ್ಟೆ ತೆಗೆದರೆ ಸತ್ತ ಕೋಶಗಳೇ ಜಾಸ್ತಿ ಕಂಡು ಹೊಟ್ಟೆ ಉರಿದ ದಿನಗಳಿವೆ. ಬದುಕಿದವು ಒಡೆದು ಎರಡಾದ ಹಾಗೆ ತುಣುಕು ಹಂಚಿಹೋಗಿ, ಕೆಲವು ದಿನಗಳಲ್ಲಿ ಬ್ರೇಕ್ ಮರಳುತ್ತದೆ. ಅದು ಮರಳುವುದು ನನಗೆ ಒಂದು ರೀತಿ ಸಮಾಧಾನವೇ. ಬ್ರೇಕ್ ಇಲ್ಲದ ಕೋಶ ನಮ್ಮದೇ ಕರುಳು, ಶ್ವಾಸಕೋಶ, ಥೈರಾಯ್ಡ್ ಮೇಲೆ ತಿರುಗಿಬೀಳಬಹುದು.

ಅಮ್ಮನ ವಿಷಯ. ಹೀಗೆ ಜೀನ್ ಸುಮ್ಮನಾಗಿಸಿದ ಟಿ ಕೋಶಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ, ಮಾಮೂಲಿ ಚಿಕಿತ್ಸೆಯಾಗಿಲ್ಲ. ಆದರೆ ಅದೇ ಪಿಡಿ-1 ಬ್ರೇಕನ್ನು ಹೊರಗಿನಿಂದ ತಡೆಯುವ ಪ್ರತಿಕಾಯ ಔಷಧಿಗಳು 2014ರಿಂದ ಬಳಕೆಯಲ್ಲಿವೆ. ಎಲ್ಲ ಕ್ಯಾನ್ಸರ್‌ಗಳಿಗೂ ಅವು ನಾಟುವುದಿಲ್ಲ. ಮುಂದಿನ ಸಲ ಹೋದಾಗ, ಗಡ್ಡೆಯ ತುಣುಕಿನಲ್ಲಿ ಪಿಡಿ-ಎಲ್1 ಪರೀಕ್ಷೆ ಮಾಡಿದ್ದಾರೆಯೇ, ಅಮ್ಮನ ಬಗೆಯ ಕ್ಯಾನ್ಸರ್‌ಗೆ ಈ ಔಷಧಿ ಕೊಡುತ್ತಾರೆಯೇ ಎಂದು ವೈದ್ಯರನ್ನು ಕೇಳಿ. ಈ ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.