ಅಂಟಾರ್ಟಿಕಾಕ್ಕೆ ಪ್ರವಾಸ ಹೋಗುವುದು ತಪ್ಪಾ? ವಿಜ್ಞಾನಿಗಳು ಹೋಗಬಹುದಾದರೆ ನಾವ್ಯಾಕೆ ಹೋಗಬಾರದು?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿದೆ. ದುಡ್ಡು ಕೂಡಿಟ್ಟು ಅಂಟಾರ್ಟಿಕಾ ಹಡಗು ಹತ್ತುವುದು ತಪ್ಪಾ ಅಂತ ಒಂದು. ವಿಜ್ಞಾನಿಗಳು ಅಲ್ಲೇ ಮನೆ ಮಾಡಿಕೊಂಡಿದ್ದಾರಲ್ಲ, ಅವರಿಂದ ಆಗದ ಹಾನಿ ನಮ್ಮಿಂದ ಆಗುತ್ತದಾ ಅಂತ ಇನ್ನೊಂದು. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಅವರಿಂದಲೂ ಹಾನಿ ಆಗಿದೆ.

ನಾನು ಹೊಸನಗರ ತಾಲ್ಲೂಕಿನವಳು. ಅಡಿಕೆ ತೋಟ ಇದೆ, ಜೊತೆಗೊಂದು ಚಿಕ್ಕ ಹೋಂಸ್ಟೇ. ಕೊಡಚಾದ್ರಿಗೆ ಬರುವವರು ಉಳಿಯುತ್ತಾರೆ. ನನ್ನ ಅಕ್ಕನ ಮಗ ವಾಹನ ಮೆಕ್ಯಾನಿಕ್ ಆಗಿ ಅಂಟಾರ್ಟಿಕಾದಲ್ಲಿರುವ ನಮ್ಮ ದೇಶದ ಮೈತ್ರಿ ಸಂಶೋಧನಾ ಕೇಂದ್ರದಲ್ಲಿ ಒಂದು ಬೇಸಿಗೆ ಕೆಲಸ ಮಾಡಿ ಬಂದ. ಅವನ ಮಾತು ಕೇಳಿದ ಮೇಲೆ ನನಗೂ ಇದನ್ನು ಓದುವ ಹಂಬಲ ಹತ್ತಿತು.

ಮಳೆ ಕಡಿಮೆಯಾದ ಮೇಲೆ ಬೆಟ್ಟ ಇಳಿದು ಬಂದವರು ನಮ್ಮ ಜಗಲಿಯಲ್ಲಿ ಕೂತು ಮೊದಲು ಇಂಬಳ ಕಚ್ಚಿದೆಯಾ ನೋಡುತ್ತಾರೆ. ಆಮೇಲೆ ಕಾಲುಚೀಲಕ್ಕೆ ಅಂಟಿದ ಉತ್ತರಾಣಿ ಬೀಜ ಕಿತ್ತು ಅಂಗಳಕ್ಕೆ ಎಸೆಯುತ್ತಾರೆ. ಒಂದು ಸಲ ಒಬ್ಬರ ಒಂದು ಜೊತೆ ಕಾಲುಚೀಲದ್ದನ್ನು ಬಿಡಿಸಿ ಎಣಿಸಿದೆ. ಅರವತ್ತೊಂದು ಬೀಜ! ಶೂ ಅಡಿಯ ಸಂದುಗಳನ್ನು ಕಡ್ಡಿಯಿಂದ ಕೆದಕಿದರೆ ಕೆಂಪು ಮಣ್ಣು, ಅದರೊಳಗೆ ಹುಲ್ಲಿನ ಬೀಜ. ಬಂದವರು ಒಳ್ಳೆಯವರೇ, ಒಂದು ಪ್ಲಾಸ್ಟಿಕ್ ಕವರ್ ಕೂಡ ಬೆಟ್ಟದಲ್ಲಿ ಬಿಟ್ಟವರಲ್ಲ. ಆದರೂ ಇಷ್ಟನ್ನು ಹೊತ್ತು ತಿರುಗುತ್ತಿದ್ದರು.

ನಮ್ಮ ಕಾಡಿನಲ್ಲಿ ಸಾವಿರಾರು ಜಾತಿ ಗಿಡಗಳಿವೆ. ಹೊಸದೊಂದು ಬೀಜ ಬಿದ್ದರೆ ಅದಕ್ಕೆ ಜಾಗ ಸುಲಭಕ್ಕೆ ಸಿಗುವುದಿಲ್ಲ. ಅಂಟಾರ್ಟಿಕಾ ಖಂಡದಲ್ಲಿ ಹೂ ಬಿಡುವ ಸ್ವಂತ ಗಿಡ ಎರಡೇ. ಒಂದು ಹುಲ್ಲು, ಇನ್ನೊಂದು ಪುಟ್ಟ ದಿಂಬಿನ ಹಾಗೆ ಬೆಳೆಯುವ ಗಿಡ. ಉಳಿದದ್ದೆಲ್ಲ ಪಾಚಿ, ಕಲ್ಲುಹೂವು. ಅಂಥ ಜಾಗಕ್ಕೆ ಹೊರಗಿನ ಹುಲ್ಲೊಂದು ಬಂತು. ಪೋವಾ ಆನುವಾ ಅಂತ ಅದರ ಹೆಸರು, ಜಗತ್ತಿನ ಎಲ್ಲ ಕಡೆ ದಾರಿ ಬದಿಯಲ್ಲಿ ಬೆಳೆಯುವ ಹುಲ್ಲು. 1985-86ರಲ್ಲಿ ಕಿಂಗ್ ಜಾರ್ಜ್ ದ್ವೀಪದಲ್ಲಿ, ಪೋಲೆಂಡ್‌ನ ಆರ್ಕ್ಟೊವ್ಸ್ಕಿ ಸಂಶೋಧನಾ ಕೇಂದ್ರದ ಪಕ್ಕದಲ್ಲೇ ಅದು ಕಾಣಿಸಿತು. ಆಮೇಲೆ ಕೇಂದ್ರ ದಾಟಿ ಆಚೆಗೂ ಹಬ್ಬಿತು. ಈಗ ಅದನ್ನು ಕೈಯಿಂದ ಕಿತ್ತು ತೆಗೆಯುವ ಕೆಲಸ ನಡೆದಿದೆ.

2007-08ರ ಬೇಸಿಗೆಯಲ್ಲಿ ಅಲ್ಲಿಗೆ ಹೋಗುವವರ ಬಟ್ಟೆ, ಬ್ಯಾಗು, ಶೂಗಳನ್ನು ಹುಡುಕಿ ಸಂಶೋಧಕರು ಬೀಜ ಎಣಿಸಿದರು. ಸರಾಸರಿ ತಲೆಗೆ 9.5 ಬೀಜ. ತಲೆಲೆಕ್ಕದಲ್ಲಿ ಪ್ರವಾಸಿಗರಿಗಿಂತ ವಿಜ್ಞಾನಿಗಳು ಮತ್ತು ಕೆಲಸಕ್ಕೆ ಹೋಗುವವರ ಹತ್ತಿರವೇ ಜಾಸ್ತಿ ಇತ್ತು. ಹಿಂದಿನ ಸಲ ಎಲ್ಲೋ ಬೆಟ್ಟ ಸುತ್ತಿದ ಅದೇ ಶೂ, ಅದೇ ಬ್ಯಾಗು, ಅಲ್ವಾ?

ಇನ್ನು ಪಾಚಿಯ ವಿಷಯ. ನಮ್ಮಲ್ಲಿ ಮಳೆಗಾಲದಲ್ಲಿ ಅಂಗಳದ ಹಾವಸೆಯನ್ನು ಇವತ್ತು ಉಜ್ಜಿದರೆ ಹದಿನೈದು ದಿನಕ್ಕೆ ಮತ್ತೆ ಕಾಲು ಜಾರುತ್ತದೆ. ಅಲ್ಲಿ ಪಾಚಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ದೊಡ್ಡದು. ಒಂದು ಹೆಜ್ಜೆ ಗುರುತು ದಶಕಗಟ್ಟಲೆ ಹಾಗೇ ಉಳಿಯುತ್ತದೆ. ಮೈತ್ರಿಯ ಹತ್ತಿರ ಹಿಮ ಕರಗಿದ ನೀರಿನ ಪಕ್ಕ ಅಂಗೈ ಅಗಲದ ಪಾಚಿ ನೋಡಿ ಅಕ್ಕನ ಮಗ ಸುತ್ತು ಬಳಸಿ ಕಲ್ಲಿನ ಮೇಲೇ ನಡೆದನಂತೆ. ಇಲ್ಲಿಂದ ಹೊರಡುವಾಗ ಅಕ್ಕ ತುಳಸಿಕಟ್ಟೆಯ ಒಂದು ಚಿಟಿಕೆ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಅಲ್ಲಿಗೆ ಹೊರಗಿನ ಮಣ್ಣು ಒಯ್ಯುವ ಹಾಗಿಲ್ಲ ಅಂತ ಅವಳಿಗೆ ಹೇಳಿ, ಗಂಟು ಬಿಚ್ಚಿ ಕಟ್ಟೆಗೇ ಹಾಕಿ ಹೋದ. ಅಕ್ಕನಿಗೆ ಆವತ್ತು ತುಂಬಾ ಬೇಜಾರಾಯಿತು.

ಈ ನಿಯಮಗಳೆಲ್ಲ 1991ರ ಮ್ಯಾಡ್ರಿಡ್ ಒಪ್ಪಂದದಿಂದ ಬಂದವು. 1998ರಲ್ಲಿ ಜಾರಿಯಾಯಿತು. ಗಣಿಗಾರಿಕೆ ನಿಷೇಧ, ಹೆಚ್ಚಿನ ಕಸ ವಾಪಸ್ ತರಬೇಕು, ಯಾವ ಕೆಲಸಕ್ಕೂ ಮೊದಲು ಪರಿಸರದ ಮೇಲಿನ ಪರಿಣಾಮ ಅಳೆಯಬೇಕು. ಸ್ಲೆಡ್ ಎಳೆಯುವ ನಾಯಿಗಳನ್ನು ಕೂಡ 1994ರೊಳಗೆ ಹೊರಗೆ ಕಳಿಸಿದರು, ಸೀಲ್‌ಗಳಿಗೆ ರೋಗ ತಗುಲೀತು ಅಂತ. ಮಂಗನ ಕಾಯಿಲೆ ಕಂಡ ನಮ್ಮ ಕಡೆಯವರಿಗೆ ಈ ಭಯ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ 2022ರಲ್ಲಿ ಅಂಟಾರ್ಟಿಕ ಕಾಯ್ದೆ ಬಂದಿದೆ.

ಒಪ್ಪಂದಕ್ಕೆ ಮುಂಚೆ ಏನಾಯಿತು ಕೇಳಿ. 1989ರ ಜನವರಿಯಲ್ಲಿ ಬಾಹಿಯಾ ಪರಾಯಿಸೊ ಎಂಬ ಅರ್ಜೆಂಟೀನಾದ ಹಡಗು ಅಮೆರಿಕದ ಪಾಮರ್ ಕೇಂದ್ರದ ಹತ್ತಿರ ಬಂಡೆಗೆ ತಾಗಿತು. ಸಂಶೋಧನಾ ಕೇಂದ್ರಕ್ಕೆ ಸಾಮಾನು ಒಯ್ಯುವ ಹಡಗು, ಒಳಗೆ ಪ್ರವಾಸಿಗರೂ ಇದ್ದರು. ಜನರೆಲ್ಲ ಬದುಕಿದರು. ಆದರೆ ಸುಮಾರು 6 ಲಕ್ಷ ಲೀಟರ್ ಇಂಧನ ಸಮುದ್ರಕ್ಕೆ ಸೋರಿತು. ಅಲ್ಲಿ ತಪ್ಪು ವಿಜ್ಞಾನದ್ದಾ, ಪ್ರವಾಸದ್ದಾ ಅಂತ ಹೇಗೆ ಬೇರೆ ಮಾಡುತ್ತೀರಿ?

ಈಗ ನಿಮ್ಮ ಮೊದಲ ಪ್ರಶ್ನೆ. ಅಲ್ಲಿನ ಪ್ರವಾಸಿ ಕಂಪನಿಗಳ ಒಕ್ಕೂಟದ ನಿಯಮಗಳು ಚೆನ್ನಾಗಿವೆ. ಒಂದು ಜಾಗದಲ್ಲಿ ಒಂದೇ ಹೊತ್ತಿಗೆ ನೂರಕ್ಕಿಂತ ಜಾಸ್ತಿ ಜನ ಇಳಿಯುವಂತಿಲ್ಲ. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನವರು ಇಳಿಯುವಂತೆಯೇ ಇಲ್ಲ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು. ಆದರೆ ವರ್ಷಕ್ಕೆ ಒಟ್ಟು ಇಷ್ಟೇ ಜನ ಅಂತ ಮಿತಿ ಎಲ್ಲೂ ಇಲ್ಲ. ನನಗೆ ಚಿಂತೆ ಆಗುವುದು ಅಲ್ಲಿಯೇ. 1990ರ ದಶಕದ ಶುರುವಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಪ್ರವಾಸಿಗರೂ ಇರಲಿಲ್ಲ. 2023-24ರಲ್ಲಿ ಒಂದು ಲಕ್ಷ ದಾಟಿದ್ದಾರೆ. ಎಲ್ಲರೂ ಹೆಚ್ಚುಕಮ್ಮಿ ಅಂಟಾರ್ಟಿಕಾ ಪರ್ಯಾಯದ್ವೀಪದ ಅದೇ ಕೆಲವು ದಡಗಳಿಗೇ ಇಳಿಯುತ್ತಾರೆ. ಪೆಂಗ್ವಿನ್ ಮರಿ ಮಾಡುವುದೂ ಅದೇ ಬೇಸಿಗೆಯಲ್ಲಿ. 2024ರ ಮೇ ತಿಂಗಳಲ್ಲಿ ನಮ್ಮ ಕೊಚ್ಚಿಯಲ್ಲೇ ನಡೆದ ಅಂಟಾರ್ಟಿಕಾ ಒಪ್ಪಂದದ ದೇಶಗಳ ಸಭೆಯಲ್ಲಿ ಪ್ರವಾಸಕ್ಕೆ ಹೊಸ ಚೌಕಟ್ಟು ಮಾಡುವ ಕೆಲಸ ಶುರುವಾಯಿತು. ಅದರಲ್ಲಿ ಒಟ್ಟು ಸಂಖ್ಯೆಗೆ ಮಿತಿ ಬರಲೇಬೇಕು. ಹಾಗೇ ದೇಶಕ್ಕೊಂದು ಕೇಂದ್ರ ಕಟ್ಟುವ ಬದಲು ಇರುವ ಕಟ್ಟಡವನ್ನು ನಾಲ್ಕು ದೇಶ ಹಂಚಿಕೊಳ್ಳಲಿ. ಕಿಂಗ್ ಜಾರ್ಜ್ ದ್ವೀಪದ ನಕ್ಷೆ ನೋಡಿ, ಕೇಂದ್ರಗಳು ಸಾಲಾಗಿ ನಿಂತಿವೆ.

ನೀವು ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೋಗುವುದಾದರೆ ಚಿಕ್ಕ ಹಡಗು ಹುಡುಕಿ. ಬುಕ್ ಮಾಡುವ ಮೊದಲು ಕಂಪನಿ ಆ ಒಕ್ಕೂಟದಲ್ಲಿದೆಯಾ, ಪ್ರತಿ ಸಲ ಇಳಿದು ಹತ್ತುವಾಗ ಶೂ ತೊಳೆಸುತ್ತಾರಾ ಅಂತ ಕೇಳಿ. 2024ರ ಫೆಬ್ರವರಿಯಲ್ಲಿ ಖಂಡದ ನೆಲದ ಹಕ್ಕಿಗಳಲ್ಲೂ ಹಕ್ಕಿಜ್ವರ ಪತ್ತೆಯಾಗಿದೆ. ಅದು ಹೋದದ್ದು ಹಕ್ಕಿಗಳಿಂದಲೇ, ಆದರೆ ಒಂದು ದಡದಿಂದ ಇನ್ನೊಂದಕ್ಕೆ ನಮ್ಮ ಶೂ ಒಯ್ಯಬಾರದು. ಮನೆಯಲ್ಲೇ ಜಾಕೆಟ್ ಜೇಬುಗಳನ್ನು ಒಳಹೊರಗು ಮಾಡಿ ಕೊಡವಿ. ವೆಲ್ಕ್ರೋ ಪಟ್ಟಿಯನ್ನು ಸೂಜಿಯಿಂದ ಬಿಡಿಸಿ, ಬೀಜ ಸಿಕ್ಕಿಕೊಳ್ಳುವುದು ಅಲ್ಲೇ ಜಾಸ್ತಿ. ಮತ್ತೆ ಹೊಸ ಶೂ ತೆಗೆದುಕೊಳ್ಳಿ. ಕೊಡಚಾದ್ರಿ ಹತ್ತಿದ್ದು ಬೇಡ.