ಮೊಗ್ಗು ಕೊಟ್ಟರೆ ಮೋಸವೇ?

ಓದುಗರ ಪತ್ರ: "ಮಾರ್ಕೆಟ್ಟಿನಲ್ಲಿ ಅರಳಿದ ಮಲ್ಲಿಗೆಯೇ ಸಿಗುವುದಿಲ್ಲ. ಬೆಳಿಗ್ಗೆ ಕಿತ್ತ ಮೊಗ್ಗು ಕಟ್ಟಿ ಕೊಡುತ್ತಾರೆ. ಕಿತ್ತ ಮೇಲೆ ಹೂವು ಸತ್ತಂತೆ, ಪರಿಮಳ ಇಳಿಯುತ್ತಲೇ ಹೋಗುತ್ತದೆ. ಇದು ಗಿರಾಕಿಗೆ ಮೋಸ ಅಲ್ಲವೇ?"

ಸಂಪಾದಕರ ಉತ್ತರ: ಗುಲಾಬಿಯ ಮಾತಾಗಿದ್ದರೆ ಒಪ್ಪುತ್ತಿದ್ದೆ. ಅದನ್ನು ಬಿಸಿಲೇರುವ ಮೊದಲೇ ಕಿತ್ತು ಬೇಗ ಭಟ್ಟಿಗೆ ಹಾಕಬೇಕು, ತಡವಾದಷ್ಟೂ ನಷ್ಟ. ಆದರೆ ನೀವು ಮಲ್ಲಿಗೆ ಸತ್ತಿದೆ ಅಂದಿರಲ್ಲ, ಅದಕ್ಕೇ ಪೆನ್ನು ಹಿಡಿದೆ.

ಗಟ್ಟಿ ಮೊಗ್ಗೊಂದನ್ನು ಮೂಸಿ ನೋಡಿ. ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಪರಿಮಳದ ಒಂದಷ್ಟು ಅಂಶ ಒಳಗೆ ಸಕ್ಕರೆಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಹಾರಲಾರದು. ಸಂಜೆ ಎಸಳು ಬಿಚ್ಚುವಾಗ ಹೂವಿನದೇ ಕಿಣ್ವಗಳು ಅದನ್ನು ಬಿಡಿಸುತ್ತವೆ. ಹೊಸದಾಗಿಯೂ ತಯಾರಾಗುತ್ತದೆ: ಬೆಂಜೈಲ್ ಅಸಿಟೇಟ್, ಲಿನಲೂಲ್, ಚೂರು ಇಂಡೋಲ್. ಇಂಡೋಲ್ ಜಾಸ್ತಿಯಾದರೆ ನುಸಿಗುಳಿಗೆಯ ನೆನಪು ಬರುತ್ತದೆ, ಹದವಾಗಿದ್ದರೆ ಅದೇ ಮಲ್ಲಿಗೆಯ ಜೀವ. ಗಿಡದಿಂದ ಬೇರೆಯಾದರೂ ಈ ಕೆಲಸ ನಿಲ್ಲುವುದಿಲ್ಲ.

ಫ್ರಾನ್ಸಿನ ಗ್ರಾಸ್ ಊರಿನ ಅತ್ತರಿನವರು ಇದನ್ನು ಚೆನ್ನಾಗಿ ಬಲ್ಲವರು. ಗಾಜಿನ ಮೇಲೆ ಕೊಬ್ಬು ಸವರಿ ಹೂ ಹರಡುತ್ತಿದ್ದರು. ಇಡೀ ದಿನ ಹೂವು ಬಿಡುತ್ತಿದ್ದ ಪರಿಮಳವನ್ನು ಕೊಬ್ಬು ಕುಡಿಯುತ್ತಿತ್ತು. ಸುಗಂಧರಾಜಕ್ಕೂ ಇದೇ ಉಪಚಾರ. ಚೀನಾದ ಫುಝೌನಲ್ಲಿ ನಮ್ಮದೇ ದುಂಡುಮಲ್ಲಿಗೆಯ ಮೊಗ್ಗನ್ನು ಹಗಲು ಕಿತ್ತು, ರಾತ್ರಿ ಅರಳುವ ಹೊತ್ತಿಗೆ ಟೀ ಎಲೆಯ ಜೊತೆ ಬೆರೆಸುತ್ತಾರೆ. ಆಗಲೇ ಅರಳಿದ್ದನ್ನು ತಂದರೆ ಅವರಿಗೆ ಬೇಡ. ನಮ್ಮ ಶಂಕರಪುರದಲ್ಲಿ ಬೆಳಿಗ್ಗೆಯೇ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವುದೂ ಸುಮ್ನೆ ಅಲ್ಲ.

ದವನವಂತೂ ಇನ್ನೂ ವಿಚಿತ್ರ. ಎಣ್ಣೆ ತೆಗೆಯುವವರು ಅದನ್ನು ಮೊದಲು ನೆರಳಲ್ಲಿ ಬಾಡಿಸುತ್ತಾರೆ. ಪಚ್ಚೆತೆನೆಯೂ ಒಣಗಿದ ಮೇಲೆಯೇ ಘಮಘಮ. ತಾಜಾ ಅಂದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲೆಲ್ಲ ನಡೆಯುವುದಿಲ್ಲ.

ನಮ್ಮಮ್ಮ ಮೊಗ್ಗನ್ನು ಬಾಳೆಎಲೆಯಲ್ಲಿ ಸುತ್ತಿ, ಮೇಲೊಂದು ಒದ್ದೆ ಬಟ್ಟೆ ಹಾಕಿ ದೇವರ ಮನೆಯ ಮೂಲೆಯಲ್ಲಿಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಪೊಟ್ಟಣ ಬಿಚ್ಚಿದರೆ ಅರ್ಧ ಬಾಯಿ ಬಿಟ್ಟ ಹೂವು. ಅಡುಗೆಮನೆಯ ಒಗ್ಗರಣೆಯನ್ನೂ ಮೀರಿಸುತ್ತಿತ್ತು. ನಾನು ಬುದ್ಧಿವಂತ, ಒಮ್ಮೆ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಮೊಗ್ಗು ಮೊಗ್ಗಾಗಿಯೇ ಇತ್ತು. ಅಮ್ಮ ಏನೂ ಅನ್ನಲಿಲ್ಲ, ನನ್ನನ್ನೊಮ್ಮೆ ನೋಡಿದಳು ಅಷ್ಟೇ.

ಸಿಟ್ಟು ಮಾಡಿಕೊಳ್ಳಲೇಬೇಕಾದರೆ ಹೂವಮ್ಮನನ್ನು ಬಿಟ್ಟು ಬೊಕೆ ಅಂಗಡಿಯ ಮೇಲೆ ಮಾಡಿಕೊಳ್ಳಿ. ವಾರಗಟ್ಟಲೆ ಬಾಡಬಾರದು, ಲಾರಿಯಲ್ಲಿ ಜಜ್ಜಬಾರದು ಎಂದು ತಳಿ ಬೆಳೆಸುತ್ತಾ ಬೆಳೆಸುತ್ತಾ ಗುಲಾಬಿಯ ಪರಿಮಳವನ್ನೇ ಮರೆತರು. ಹೋದ ತಿಂಗಳು ಒಂದು ಮದುವೆಮನೆಯಲ್ಲಿ ಮಂಟಪದ ತುಂಬ ಗುಲಾಬಿ. ಯಾರೂ ನೋಡದಾಗ ಹತ್ತಿರ ಹೋಗಿ ಮೂಗಿಟ್ಟೆ. ಪಕ್ಕದಲ್ಲೇ ಒಣಗಲು ಬಿಟ್ಟ ಬಣ್ಣದ ಬೋರ್ಡಿನ ವಾಸನೆ ಬಂತು.